ಕಿಯಾ: ಸೈಕಲ್ ಬಿಡಿಭಾಗದಿಂದ ವಿದ್ಯುತ್ ಕಾರಿನವರೆಗೆ

ಕಿಯಾ ದಕ್ಷಿಣ ಕೊರಿಯಾದ ಎರಡನೆಯ ಅತಿ ದೊಡ್ಡ ಮೋಟಾರು ವಾಹನ ತಯಾರಿಕಾ ಸಂಸ್ಥೆ. ಪ್ರಧಾನ ಕಚೇರಿ ರಾಜಧಾನಿ ಸೋಲ್‌ನಲ್ಲಿದೆ. 1944ರಲ್ಲಿ ಸೈಕಲ್ಲಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಾಗಿ ಹುಟ್ಟಿತು. 1974ರಲ್ಲಿ ಮೊದಲ ಪ್ರಯಾಣಿಕ ಕಾರು ತಯಾರಿಸಿತು, 1997ರಲ್ಲಿ ದಿವಾಳಿಯಾಯಿತು, 1998ರಿಂದ ಹುಂಡೈ ಸಮೂಹದ ಭಾಗವಾಗಿದೆ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ತಲಾ 30 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಮಾರಿತು. ಭಾರತದಲ್ಲಿ ಇದರ ಕಾರ್ಖಾನೆ ಇರುವುದು ಕರ್ನಾಟಕದ ಗಡಿಗೆ ಹತ್ತಿರದ ಪೆನುಕೊಂಡದಲ್ಲಿ.

ಕೊರಿಯಾದ ಕಾರು ಉದ್ಯಮದ ಮಾತು ಬಂದರೆ ಸಾಮಾನ್ಯವಾಗಿ ಮೊದಲು ಕೇಳುವುದು ಹುಂಡೈ ಹೆಸರು. ಅದು ಕಟ್ಟಡ, ರಸ್ತೆ, ಹಡಗು ಕಟ್ಟಿದ ದೊಡ್ಡ ಮನೆತನವೊಂದು ಕಾರಿಗೂ ಕೈಹಾಕಿ ಗೆದ್ದ ಕಥೆ. ಕಿಯಾದ ದಾರಿ ಬೇರೆ. ಅದರ ಹಿಂದೆ ಅಂಥ ಬಂಡವಾಳದ ಬಲವಿರಲಿಲ್ಲ. ಕೊಳವೆ, ಚಕ್ರ, ಎಂಜಿನ್ನು ಹೀಗೆ ಒಂದು ಯಂತ್ರಭಾಗದಿಂದ ಇನ್ನೊಂದಕ್ಕೆ, ಸಣ್ಣದರಿಂದ ಸ್ವಲ್ಪ ದೊಡ್ಡದಕ್ಕೆ ನಡೆದ ಕುಶಲಕರ್ಮಿಗಳ ಕಂಪನಿ ಇದು. ಪ್ರತಿ ಹಂತದಲ್ಲೂ ಬೇರೆಯವರ ನಕ್ಷೆಯನ್ನು ಹಣ ಕೊಟ್ಟು ತಂದು, ಅದರೊಳಗಿನ ಒಂದೊಂದೇ ಭಾಗವನ್ನು ತನ್ನದಾಗಿಸಿಕೊಂಡಿತು. ಸರಕಾರ ಒಮ್ಮೆ ಅದರ ಕೈಕಟ್ಟಿತು. ಸಾಲ ಇನ್ನೊಮ್ಮೆ ಕೆಡವಿತು. ಎರಡು ಸಲವೂ ಅದನ್ನು ಉಳಿಸಿದ್ದು ಕಾರ್ಖಾನೆಯೊಳಗೆ ಜಮೆಯಾಗಿದ್ದ ಕಸುಬು.

ಆರಂಭ

ಸ್ಥಾಪಕ ಕಿಮ್ ಚೊಲ್-ಹೊ 1905ರಲ್ಲಿ ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತದ ಚಿಲ್ಗೊಕ್‌ನಲ್ಲಿ ಹುಟ್ಟಿದರು. ಕೊರಿಯಾ ಆಗ ಜಪಾನಿನ ಹಿಡಿತಕ್ಕೆ ಸಿಕ್ಕುತ್ತಿದ್ದ ಕಾಲ. ಹದಿಹರೆಯದಲ್ಲೇ ಅವರು ಜಪಾನಿಗೆ ಹೋದರು. ಒಸಾಕಾದ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತ ಕೆಲಸ ಕಲಿತು, ಮುಂದೆ ನಟ್ಟು-ಬೋಲ್ಟು ತಯಾರಿಸುವ ಸ್ವಂತ ಉದ್ಯಮ ನಡೆಸಿದರು. ಎರಡನೆಯ ಮಹಾಯುದ್ಧ ಮುಗಿಯುವ ಮುನ್ನ ತಾಯ್ನಾಡಿಗೆ ಮರಳಿ, 1944ರ ಡಿಸೆಂಬರಿನಲ್ಲಿ ಸೋಲ್‌ನ ಯೊಂಗ್‌ದುಂಗ್‌ಪೊದಲ್ಲಿ ಗ್ಯೊಂಗ್‌ಸೊಂಗ್ ನಿಖರ ಯಂತ್ರೋದ್ಯಮ ಎಂಬರ್ಥದ ಹೆಸರಿನಲ್ಲಿ ಕಾರ್ಖಾನೆ ತೆರೆದರು. ಉಕ್ಕಿನ ಕೊಳವೆ ಮತ್ತು ಸೈಕಲ್ ಭಾಗಗಳನ್ನು ಅಲ್ಲಿ ಬಹುಮಟ್ಟಿಗೆ ಕೈಯಿಂದಲೇ ಮಾಡುತ್ತಿದ್ದರು.

ಮುಂದಿನ ಆರು ವರ್ಷಗಳಲ್ಲಿ ನಡೆದದ್ದನ್ನು ನೆನೆದರೆ ಇಂಥದೊಂದು ಕಾರ್ಖಾನೆ ಉಳಿದದ್ದೇ ಅಚ್ಚರಿ. 1945ರಲ್ಲಿ ದೇಶ ಸ್ವತಂತ್ರವಾಯಿತು, ಜೊತೆಗೇ ಎರಡಾಗಿ ಒಡೆಯಿತು. ಗಣಿಗಳು, ಜಲವಿದ್ಯುತ್ ಕೇಂದ್ರಗಳು, ಭಾರಿ ಕೈಗಾರಿಕೆ ಹೆಚ್ಚಾಗಿ ಉತ್ತರದ ಪಾಲಾದವು. 1948ರ ಮೇ ತಿಂಗಳಲ್ಲಿ ಉತ್ತರ ದಕ್ಷಿಣಕ್ಕೆ ಕೊಡುತ್ತಿದ್ದ ವಿದ್ಯುತ್ತನ್ನು ನಿಲ್ಲಿಸಿತು. 1950ರ ಜೂನಿನಲ್ಲಿ ಯುದ್ಧ ಹೊತ್ತಿಕೊಂಡಿತು. ಸೋಲ್ ಕೈಯಿಂದ ಕೈಗೆ ಹೋಗಿಬರುತ್ತಿರುವಾಗ ಕಿಮ್ ಕಾರ್ಖಾನೆಯನ್ನು ದಕ್ಷಿಣ ತುದಿಯ ಬಂದರು ನಗರ ಬುಸಾನಿಗೆ ಸಾಗಿಸಿದರು. ನಿರಾಶ್ರಿತರಿಂದ ಕಿಕ್ಕಿರಿದಿದ್ದ ಆ ಊರಿನಲ್ಲೇ, 1952ರಲ್ಲಿ, ಕೊರಿಯಾದ ಮೊದಲ ಸ್ವದೇಶಿ ಸೈಕಲ್ ತಯಾರಾಯಿತು. ಅದಕ್ಕಿಟ್ಟ ಹೆಸರು ಸಂಚೊಲ್ಲಿ, ಅಂದರೆ ಮೂರು ಸಾವಿರ ರಿ (ದೂರದ ಕೊರಿಯನ್ ಅಳತೆ). ಕೊರಿಯನ್ನರು ತಮ್ಮ ಇಡೀ ನಾಡಿನ ಉದ್ದವನ್ನು ಹೇಳುವ ಮಾತು ಇದು. ಅದೇ ವರ್ಷ ಕಂಪನಿ ಕಿಯಾ ಇಂಡಸ್ಟ್ರಿ ಎಂಬ ಹೆಸರು ಪಡೆಯಿತು. ಏಷ್ಯಾದಿಂದ ಏಳುವುದು ಎಂಬುದು ಆ ಹೆಸರಿನ ಅರ್ಥ.

ಬಸ್ಸು-ರೈಲು ಸಂಪರ್ಕ ಹರಿದುಹೋಗಿದ್ದ ದೇಶದಲ್ಲಿ ಸೈಕಲ್ ಎಂದರೆ ದುಡಿಮೆಯ ಸಾಧನ. ಅಕ್ಕಿ ಮೂಟೆ, ಸೌದೆ, ಹಾಲಿನ ಕ್ಯಾನು, ಪತ್ರಿಕೆ ಎಲ್ಲವನ್ನೂ ಅದರ ಕ್ಯಾರಿಯರ್ ಮೇಲೆ ಹೇರುತ್ತಿದ್ದರು. ಸೈಕಲ್ ಮಾಡುವುದು ಸುಲಭವೆಂದು ತೋರುತ್ತದೆ, ಆದರೆ ಹಾಗಲ್ಲ. ತೆಳು ಉಕ್ಕಿನ ಕೊಳವೆಯನ್ನು ಸೊಟ್ಟಗಾಗದಂತೆ ಬೆಸೆಯಬೇಕು, ಚಕ್ರದ ರಿಮ್ಮನ್ನು ಒಂದೇ ವೃತ್ತಕ್ಕೆ ತರಬೇಕು, ಬೇರಿಂಗಿನ ಗುಂಡುಗಳು ಒಂದೇ ಅಳತೆಯಲ್ಲಿರಬೇಕು. ಅಳತೆಯ ಶಿಸ್ತು ಮೈಗೂಡುವುದು ಇಂಥ ಕೆಲಸದಿಂದಲೇ. ಮುಂದೆ ಸೈಕಲ್ ವಿಭಾಗ ಬೇರೆಯಾಯಿತು. ಸಂಚೊಲ್ಲಿ ಇಂದಿಗೂ ಕೊರಿಯಾದಲ್ಲಿ ಮನೆಮಾತಾದ ಸೈಕಲ್ ಹೆಸರು.

ಮೂರು ಗಾಲಿಯ ವರ್ಷಗಳು

1961ರಲ್ಲಿ ಕಿಯಾ ಜಪಾನಿನ ಹೋಂಡಾದ ಪರವಾನಗಿ ಪಡೆದು ಸಿ-100 ಎಂಬ ಸಣ್ಣ ಮೋಟಾರ್ ಸೈಕಲ್ ಜೋಡಿಸಿತು. ಮರುವರ್ಷ, 1962ರಲ್ಲಿ, ಹಿರೋಷಿಮಾದ ಟೊಯೊ ಕೊಗ್ಯೊ ಕಂಪನಿಯ ನಕ್ಷೆಯಂತೆ ಕೆ-360 ಎಂಬ ತ್ರಿಚಕ್ರ ಲಾರಿ ಹೊರಬಂತು. ಮಜ್ದಾ ಹೆಸರಿನಲ್ಲಿ ವಾಹನ ಮಾರುತ್ತಿದ್ದುದು ಈ ಟೊಯೊ ಕೊಗ್ಯೊ ಕಂಪನಿಯೇ. ಕಿಯಾ-ಮಜ್ದಾ ನಂಟು ಮೂರು ದಶಕ ಮೀರಿ ಉಳಿಯಿತು. ವಸಾಹತು ಆಳ್ವಿಕೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಉಭಯ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಡುವುದಕ್ಕೂ ಮೂರು ವರ್ಷ ಮೊದಲು ಈ ಒಪ್ಪಂದ ಕೂಡಿಬಂದದ್ದನ್ನು ಗಮನಿಸಬೇಕು. ಜಪಾನಿನಲ್ಲಿ ಕಸುಬು ಕಲಿತ ಕಿಮ್ ಅವರಿಗೆ ಆ ದೇಶದ ಕಾರ್ಖಾನೆಗಳ ಭಾಷೆ ಗೊತ್ತಿತ್ತು.

ಕೆ-360 ಪುಟ್ಟ ವಾಹನ. ಗಾಳಿಯಿಂದ ತಂಪಾಗುವ 356 ಸಿಸಿ ಎಂಜಿನ್ನು, ಹೊರುವ ಭಾರ ಸುಮಾರು 300 ಕಿಲೊ. ಅದರ ಬೆನ್ನಿಗೆ ಟಿ-1500, ಟಿ-2000 ಎಂಬ ದೊಡ್ಡ ತ್ರಿಚಕ್ರಗಳು, 1969ರಲ್ಲಿ ಟಿ-600 ಬಂದವು. ಸೋಲ್ ಆಗ ಗುಡ್ಡಗಳ ಮೇಲೂ ಹಬ್ಬಿಕೊಳ್ಳುತ್ತಿದ್ದ ನಗರ. ಓಣಿಗಳು ಇಕ್ಕಟ್ಟು, ತಿರುವುಗಳು ಕಡಿದು. ಮನೆ ಬೆಚ್ಚಗಿಡಲು, ಅಡುಗೆ ಮಾಡಲು ಜನ ನೆಚ್ಚಿಕೊಂಡಿದ್ದುದು ತೂತುಗಳುಳ್ಳ ಉರುಟು ಕಲ್ಲಿದ್ದಲ ಬಿಲ್ಲೆಗಳನ್ನು. ಅವನ್ನು ಮನೆಬಾಗಿಲಿಗೆ ಮುಟ್ಟಿಸುವ ಕೆಲಸಕ್ಕೆ ಈ ಮೂರು ಗಾಲಿಯ ಗಾಡಿಗಳೇ ತಕ್ಕವು. ತರಕಾರಿ ಮಾರುಕಟ್ಟೆ, ಅಕ್ಕಿ ಅಂಗಡಿ, ಮನೆ ಬದಲಿಸುವವರ ಸಾಮಾನು ಎಲ್ಲವೂ ಇವುಗಳ ಮೇಲೇ ಸಾಗುತ್ತಿದ್ದವು. ಟಿ-600 ಗಾಡಿಯನ್ನು ಕೊರಿಯಾ ಸರಕಾರ 2008ರಲ್ಲಿ ರಾಷ್ಟ್ರೀಯ ಪರಂಪರೆಯ ವಸ್ತುಗಳ ಪಟ್ಟಿಗೆ ಸೇರಿಸಿತು. ಅರಮನೆ, ದೇಗುಲಗಳ ಸಾಲಿನಲ್ಲಿ ಕಲ್ಲಿದ್ದಲು ಹೊತ್ತ ಗಾಡಿಗೂ ಒಂದು ಜಾಗ ಸಿಕ್ಕಿದ್ದು ಸರಿಯಾದ ಗೌರವ.

ಸೊಹಾರಿ ಮತ್ತು ಬ್ರಿಸಾ

ಪರವಾನಗಿ ಜೋಡಣೆಯಲ್ಲಿ ಒಂದು ಮಿತಿಯುಂಟು. ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಬಿಚ್ಚಿ ಜೋಡಿಸುವವನಿಗೆ ವಾಹನದ ಹೃದಯ ತಿಳಿಯುವುದಿಲ್ಲ. ಎಂಜಿನ್ನಿನ ಎರಕ, ಕೊರೆತ, ಉಜ್ಜುವಿಕೆ ಗೊತ್ತಾಗಬೇಕಾದರೆ ಆ ಕೆಲಸವನ್ನು ಸ್ವತಃ ಮಾಡಬೇಕು. ಸೋಲ್‌ನ ನೈಋತ್ಯಕ್ಕೆ, ಇಂದಿನ ಗ್ವಾಂಗ್‌ಮ್ಯೊಂಗ್ ನಗರದಲ್ಲಿರುವ ಸೊಹಾರಿಯಲ್ಲಿ ಕಿಯಾ ಕಟ್ಟಿದ ಕಾರ್ಖಾನೆ 1973ರಲ್ಲಿ ಸಿದ್ಧವಾಯಿತು. ಎಂಜಿನ್ನಿನಿಂದ ಬಣ್ಣದವರೆಗೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುವ, ಸರಪಳಿ ಜೋಡಣೆಯ ಸಾಲುಳ್ಳ ಕೊರಿಯಾದ ಮೊದಲ ಪೂರ್ಣಪ್ರಮಾಣದ ವಾಹನ ಕಾರ್ಖಾನೆ ಅದು. ದೇಶದಲ್ಲಿ ತಯಾರಾದ ಮೊದಲ ಪೆಟ್ರೋಲ್ ಎಂಜಿನ್ನು ಅದೇ ವರ್ಷ ಅಲ್ಲಿಂದಲೇ ಹೊರಬಂತು. ಸ್ಥಾಪಕ ಕಿಮ್ ಚೊಲ್-ಹೊ ತೀರಿಕೊಂಡದ್ದೂ 1973ರಲ್ಲೇ. ತಮ್ಮ ಕಂಪನಿಯ ಮೊದಲ ಕಾರನ್ನು ಅವರು ಕಾಣಲಿಲ್ಲ.

ಅಧ್ಯಕ್ಷ ಪಾಕ್ ಚುಂಗ್-ಹೀ ಸರಕಾರ ಆ ಹೊತ್ತಿಗೆ ವಾಹನೋದ್ಯಮಕ್ಕೆ ದೀರ್ಘಾವಧಿ ಯೋಜನೆ ರೂಪಿಸಿತ್ತು. 1,500 ಸಿಸಿಗಿಂತ ಚಿಕ್ಕದಾದ, ಬಹುಪಾಲು ಸ್ವದೇಶಿ ಭಾಗಗಳಿಂದಲೇ ಮಾಡಿದ ಜನರ ಕಾರು ಬೇಕು ಎಂಬುದು ಅದರ ಒತ್ತಾಯ. ಹುಂಡೈ ಇಟಲಿಯ ವಿನ್ಯಾಸಕಾರರನ್ನು ಕರೆಸಿ ಪೋನಿ ಎಂಬ ಹೊಸ ಕಾರನ್ನೇ ಮಾಡಹೊರಟಿತು. ಕಿಯಾ ಎಂದಿನಂತೆ ಗೊತ್ತಿದ್ದ ದಾರಿ ಹಿಡಿಯಿತು: ಮಜ್ದಾದ ಫೆಮಿಲಿಯಾ ಕಾರನ್ನು ಆಧಾರವಾಗಿಟ್ಟುಕೊಂಡು 1974ರ ಅಕ್ಟೋಬರಿನಲ್ಲಿ ಬ್ರಿಸಾ ಹೊರತಂದಿತು. 985 ಸಿಸಿ ಎಂಜಿನ್ನಿನ ಸಣ್ಣ ಕಾರು. ತೈಲ ಬಿಕ್ಕಟ್ಟು ಜಗತ್ತನ್ನು ಹಿಂಡುತ್ತಿದ್ದ ಸಮಯದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಈ ಕಾರನ್ನು ಟ್ಯಾಕ್ಸಿ ಚಾಲಕರು ಅಪ್ಪಿಕೊಂಡರು. ಎರಡು ವರ್ಷದೊಳಗೆ ಅದರ ಸ್ವದೇಶಿ ಭಾಗಗಳ ಪ್ರಮಾಣ ಸುಮಾರು ಶೇ. 90ಕ್ಕೆ ಏರಿತು. ನನ್ನ ದೃಷ್ಟಿಯಲ್ಲಿ ಕಿಯಾದ ಮೊದಲ ಮೂವತ್ತು ವರ್ಷಗಳ ನಿಜವಾದ ಫಲಿತಾಂಶ ಇದೇ. ಹೊರಮೈ ಮಜ್ದಾದ್ದು, ಒಳಗಿನ ಕೆಲಸ ಕೊರಿಯಾದ್ದು. 1981ರವರೆಗೆ ಸುಮಾರು 76 ಸಾವಿರ ಬ್ರಿಸಾಗಳು ತಯಾರಾದವು.

1976ರಲ್ಲಿ ಕಿಯಾ ನೈಋತ್ಯದ ಗ್ವಾಂಗ್‌ಜು ನಗರದಲ್ಲಿ ಕಾರ್ಖಾನೆಯಿದ್ದ ಏಷ್ಯಾ ಮೋಟರ್ಸ್ ಕಂಪನಿಯನ್ನು ಕೊಂಡಿತು. ಬಸ್ಸು, ಲಾರಿ, ಸೇನೆಯ ವಾಹನ ಮಾಡುತ್ತಿದ್ದ ಕಂಪನಿ ಅದು. 1980ರ ಮೇ ತಿಂಗಳಲ್ಲಿ ಸೇನಾಡಳಿತದ ವಿರುದ್ಧ ಗ್ವಾಂಗ್‌ಜು ಎದ್ದು ನಿಂತಾಗ ನಾಗರಿಕರು ಆ ಕಾರ್ಖಾನೆಗೆ ನುಗ್ಗಿ ಬಸ್ಸು, ಲಾರಿ, ಕವಚದ ಗಾಡಿಗಳನ್ನು ಬೀದಿಗೆ ತಂದರು. ಸೈನ್ಯ ನೂರಾರು ಜನರನ್ನು ಕೊಂದು ದಂಗೆಯನ್ನು ಹತ್ತಿಕ್ಕಿತು. ಅದೇ ಘಟನೆಯನ್ನು ಕುರಿತು 2017ರಲ್ಲಿ ಬಂದ 'ಎ ಟ್ಯಾಕ್ಸಿ ಡ್ರೈವರ್' ಚಲನಚಿತ್ರದಲ್ಲಿ ನಟ ಸಾಂಗ್ ಕಾಂಗ್-ಹೊ ಓಡಿಸುವ ಹಸಿರು ಟ್ಯಾಕ್ಸಿ ಒಂದು ಬ್ರಿಸಾ. ಕೊರಿಯಾದ ಹೊಸ ಪೀಳಿಗೆಯ ಅನೇಕರು ಆ ಕಾರನ್ನು ಮೊದಲು ಕಂಡದ್ದು ಈ ತೆರೆಯ ಮೇಲೆ.

ನಿಷೇಧ ಮತ್ತು ಬೊಂಗೊ

ಗ್ವಾಂಗ್‌ಜುವನ್ನು ತುಳಿದ ಚುನ್ ದೂ-ಹ್ವಾನ್ ಆಡಳಿತವೇ ಕಿಯಾದ ಕೈಯನ್ನೂ ಕಟ್ಟಿತು. ಎರಡನೆಯ ತೈಲ ಬಿಕ್ಕಟ್ಟಿನಿಂದ ಕಾರು ಮಾರಾಟ ಬಿದ್ದುಹೋಗಿತ್ತು. ಪುಟ್ಟ ಮಾರುಕಟ್ಟೆಗೆ ಇಷ್ಟೊಂದು ಕಂಪನಿಗಳು ಬೇಡ ಎಂದು ತೀರ್ಮಾನಿಸಿದ ಸರಕಾರ 1981ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿತು: ಪ್ರಯಾಣಿಕ ಕಾರು ಹುಂಡೈ ಮತ್ತು ಸೆಹಾನ್ (ಮುಂದೆ ದೇವೂ) ಕಂಪನಿಗಳಿಗೆ ಮಾತ್ರ, ಕಿಯಾ ಒಂದರಿಂದ ಐದು ಟನ್ನಿನ ಲಾರಿ ಮತ್ತು ಸಣ್ಣ ವ್ಯಾನುಗಳಿಗಷ್ಟೇ ಸೀಮಿತ. ಮೋಟಾರ್ ಸೈಕಲ್ ಕೂಡ ಬೇರೆ ಕಂಪನಿಯ ಪಾಲಾಯಿತು. ಬ್ರಿಸಾ ಸಾಲು ನಿಂತಿತು. ಅದೇ ಕಾಲಕ್ಕೆ ಜೋಡಿಸುತ್ತಿದ್ದ ಪ್ಯೂಜೊ 604, ಫಿಯಟ್ 132 ಕಾರುಗಳ ಕಥೆಯೂ ಮುಗಿಯಿತು. ಕಾರು ಮಾಡಲು ಕಲಿತ ಕಂಪನಿಗೆ ಕಾರು ಮಾಡಬೇಡ ಎಂದದ್ದು ಆರ್ಥಿಕ ಲೆಕ್ಕಾಚಾರದಲ್ಲಿ ಎಷ್ಟೇ ಸರಿಯೆಂದು ವಾದಿಸಿದರೂ, ಅದು ದಬ್ಬಾಳಿಕೆಯೇ.

ಆಗ ಕಿಯಾದ ಚುಕ್ಕಾಣಿ ಹಿಡಿದವರು ಕಿಮ್ ಸುನ್-ಹೊಂಗ್. ಸ್ಥಾಪಕರ ಬಂಧುವಲ್ಲ, 1958ರಲ್ಲಿ ನೌಕರಿಗೆ ಸೇರಿ, ಕಾರ್ಖಾನೆಯ ನೆಲದಿಂದ ಮೇಲೆ ಬಂದ ಎಂಜಿನಿಯರ್. ಮನೆತನಗಳೇ ಕಂಪನಿಗಳನ್ನು ಆಳುವ ಕೊರಿಯಾದಲ್ಲಿ ಇದೊಂದು ಅಪರೂಪ. ಉಳಿದ ಪರವಾನಗಿಯ ಸಂದಿಯಲ್ಲೇ ಅವರು ದಾರಿ ಹುಡುಕಿದರು. ಬೊಂಗೊ ಎಂಬ ಒಂದು ಟನ್ನಿನ ಲಾರಿ 1980ರಲ್ಲೇ ಬಂದಿತ್ತು. ಅದರ ಚಾಸಿಯ ಮೇಲೆ 1981ರಲ್ಲಿ ಹನ್ನೆರಡು ಆಸನದ ಬೊಂಗೊ ಕೋಚ್ ವ್ಯಾನು ಹೊರಟಿತು. ಚಿಕ್ಕ ಅಂಗಡಿಯವರು, ಶಿಶುವಿಹಾರಗಳು, ಇಗರ್ಜಿಗಳು, ಹಳ್ಳಿಯ ಕುಟುಂಬಗಳು, ವಾರಾಂತ್ಯಕ್ಕೆ ಬೆಟ್ಟ ಹತ್ತುವ ಗೆಳೆಯರ ಗುಂಪುಗಳು ಅದನ್ನು ಕೊಂಡರು. ನಷ್ಟದಲ್ಲಿ ಮುಳುಗಿದ್ದ ಕಂಪನಿ ಎರಡು ವರ್ಷದಲ್ಲಿ ಲಾಭಕ್ಕೆ ಬಂತು. ಕೊರಿಯಾದ ವ್ಯಾಪಾರ ಚರಿತ್ರೆಯಲ್ಲಿ ಇದನ್ನು ಇಂದಿಗೂ ಬೊಂಗೊ ಪವಾಡವೆಂದೇ ನೆನೆಯುತ್ತಾರೆ. ಯಾವ ಕಂಪನಿಯ ವ್ಯಾನಾದರೂ ಸರಿ, ಜನ ಅದನ್ನು ಬೊಂಗೊ ಎಂದೇ ಕರೆಯತೊಡಗಿದರು. ಬೊಂಗೊ ಲಾರಿ ಇಂದಿಗೂ ತಯಾರಾಗುತ್ತಿದೆ.

ಪ್ರೈಡ್

1983ರಲ್ಲಿ ಮಜ್ದಾ, 1986ರಲ್ಲಿ ಫೋರ್ಡ್ ಕಿಯಾದ ಷೇರುಗಳನ್ನು ಕೊಂಡವು. ನಿಷೇಧ ತೆರವಾಗುವ ಹೊತ್ತಿಗೆ ಮೂವರ ನಡುವೆ ಜಾಣತನದ ಒಂದು ಹಂಚಿಕೆ ಏರ್ಪಟ್ಟಿತ್ತು. ವಿನ್ಯಾಸ ಮಜ್ದಾದ್ದು, ತಯಾರಿಕೆ ಕಿಯಾದ್ದು, ಅಮೆರಿಕದ ಮಾರಾಟ ಫೋರ್ಡಿನದು. 1987ರಲ್ಲಿ ಕೊರಿಯಾದಲ್ಲಿ ಪ್ರೈಡ್ ಎಂಬ ಹೆಸರಿನಲ್ಲಿ, ಅಮೆರಿಕಕ್ಕೆ ಫೋರ್ಡ್ ಫೆಸ್ಟಿವಾ ಎಂಬ ಹೆಸರಿನಲ್ಲಿ ಈ ಪುಟ್ಟ ಕಾರು ಹೊರಟಿತು. ಆರು ವರ್ಷ ಕಾರು ಮುಟ್ಟದ ಕೈಗಳು ಅಮೆರಿಕದ ಗಿರಾಕಿ ಒಪ್ಪುವ ಗುಣಮಟ್ಟದಲ್ಲಿ ಮತ್ತೆ ಕಾರು ಮಾಡಿದವು.

ಪ್ರೈಡ್‌ನ ಅತಿ ದೀರ್ಘ ಬದುಕು ನಡೆದದ್ದು ಇರಾನಿನಲ್ಲಿ. ಅಲ್ಲಿನ ಸೈಪಾ ಕಂಪನಿ 1990ರ ದಶಕದ ಆರಂಭದಿಂದ ಅದನ್ನು ಜೋಡಿಸಿತು, ಕ್ರಮೇಣ ಸ್ಥಳೀಯವಾಗಿಯೇ ತಯಾರಿಸಿತು. 2000ದಲ್ಲಿ ಕೊರಿಯಾ ನಿಲ್ಲಿಸಿದ ಈ ಕಾರನ್ನು ಇರಾನ್ 2020ರವರೆಗೂ ಮಾಡುತ್ತಲೇ ಇತ್ತು. ಟೆಹರಾನಿನ ಬೀದಿಗಳನ್ನು ದಶಕಗಳ ಕಾಲ ತುಂಬಿದ ಅಗ್ಗದ ಕಾರು, ಸುರಕ್ಷತೆಯ ಕೊರತೆಗಾಗಿ ಕಟು ಟೀಕೆಗೆ ಗುರಿಯಾದ ಕಾರೂ ಹೌದು. ಹಿರೋಷಿಮಾದಿಂದ ಸೋಲ್‌ಗೆ ಬಂದ ನಕ್ಷೆಯೊಂದು ಸೋಲ್‌ನಿಂದ ಟೆಹರಾನಿಗೆ ಹೋಯಿತು. ನಿನ್ನೆ ಕಲಿತವನು ಇಂದು ಕಲಿಸುವವನಾದ.

ಸ್ವಂತ ಕಾರು, ಮಿತಿಮೀರಿದ ಸಾಲ

1990ರಲ್ಲಿ ಹೆಸರು ಕಿಯಾ ಮೋಟರ್ಸ್ ಎಂದಾಯಿತು. ಹಳದಿ ಸಮುದ್ರದ ಅಸಾನ್ ಕೊಲ್ಲಿಯ ದಡದಲ್ಲಿ, ಹ್ವಾಸೊಂಗ್‌ನಲ್ಲಿ, ವಿಶಾಲ ಕಾರ್ಖಾನೆ ಎದ್ದಿತು. 1992ರ ಸೆಫಿಯಾ ಕಿಯಾ ತಾನೇ ರೂಪಿಸಿದ ಮೊದಲ ಕಾರು. 1993ರ ಸ್ಪೋರ್ಟೇಜ್ ಅದಕ್ಕಿಂತ ದಿಟ್ಟ ಹೆಜ್ಜೆ. ಜೀಪಿನ ಒರಟುತನ ಬಿಟ್ಟು ಪೇಟೆಯಲ್ಲಿ ಕಾರಿನಂತೆ ಓಡುವ ಎತ್ತರದ ವಾಹನ ಆಗಿನ್ನೂ ಹೊಸತು. ಸ್ಪೋರ್ಟೇಜ್ ಆ ಬಗೆಯ ಮೊದಲಿಗರಲ್ಲಿ ಒಂದು. 1994ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ನಾಲ್ಕು ಮಳಿಗೆಗಳಿಂದ ಅಮೆರಿಕದಲ್ಲಿ ತನ್ನದೇ ಹೆಸರಿನ ಮಾರಾಟ ಶುರುಮಾಡಿತು. ಬ್ರಿಟನ್ನಿನ ಲೋಟಸ್ ಕಂಪನಿಯಿಂದ ಎಲಾನ್ ಎಂಬ ಕ್ರೀಡಾ ಕಾರಿನ ಹಕ್ಕನ್ನೂ ಕೊಂಡಿತು.

ಇಂಡೊನೇಷ್ಯಾದ ಸಾಹಸ ಮಾತ್ರ ಕೈಸುಟ್ಟಿತು. 1996ರಲ್ಲಿ ಅಧ್ಯಕ್ಷ ಸುಹಾರ್ತೊ ತಮ್ಮ ಮಗ ಟಾಮಿಯ ಕಂಪನಿಗೆ ರಾಷ್ಟ್ರೀಯ ಕಾರು ಮಾಡುವ ಹೊಣೆ ವಹಿಸಿ ತೆರಿಗೆ ವಿನಾಯಿತಿ ಕೊಟ್ಟರು. ಟಿಮೊರ್ ಎಂಬ ಆ ಕಾರು ವಾಸ್ತವವಾಗಿ ಹೆಸರು ಬದಲಿಸಿದ ಸೆಫಿಯಾ. ಜಪಾನ್, ಯುರೋಪ್, ಅಮೆರಿಕ ಮೂವರೂ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತರು. 1998ರಲ್ಲಿ ತೀರ್ಪು ಇಂಡೊನೇಷ್ಯಾದ ವಿರುದ್ಧ ಬಂತು. ಅಷ್ಟರಲ್ಲಿ ಸುಹಾರ್ತೊ ಆಡಳಿತವೂ ಉರುಳಿತ್ತು.

ಒಳಗೆ ಸಾಲ ಬೆಳೆಯುತ್ತಿತ್ತು. ಉಕ್ಕು, ಕಟ್ಟಡ ನಿರ್ಮಾಣದ ಅಂಗಸಂಸ್ಥೆಗಳು ಹಣ ನುಂಗುತ್ತಿದ್ದವು. ನಷ್ಟವನ್ನು ವರ್ಷಗಟ್ಟಲೆ ಲೆಕ್ಕಪತ್ರದಲ್ಲಿ ಮುಚ್ಚಿಟ್ಟಿದ್ದು ಆಮೇಲೆ ಬಯಲಾಯಿತು. ಕಿಯಾಕ್ಕೆ ಮನೆತನದ ಒಡೆಯರಿರಲಿಲ್ಲ. ಷೇರುಗಳು ನೌಕರರು, ಫೋರ್ಡ್, ಮಜ್ದಾ, ಸಣ್ಣ ಹೂಡಿಕೆದಾರರ ನಡುವೆ ಹಂಚಿದ್ದವು. ಆದ್ದರಿಂದಲೇ ಅದನ್ನು ಜನರ ಕಂಪನಿ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಆದರೆ ಆಡಳಿತವನ್ನು ಪ್ರಶ್ನಿಸುವ ಬಲಿಷ್ಠ ಷೇರುದಾರನಾಗಲಿ, ಕಷ್ಟಕಾಲಕ್ಕೆ ಹಣ ತರುವ ಸೋದರ ಕಂಪನಿಗಳಾಗಲಿ ಅದಕ್ಕಿರಲಿಲ್ಲ. ಕಾರು ಉದ್ಯಮಕ್ಕೆ ಕಾಲಿಡಲು ಕಾತರಿಸುತ್ತಿದ್ದ ಸ್ಯಾಮ್‌ಸಂಗ್ ಸಮೂಹದ ವಿಮಾ ಕಂಪನಿ 1993ರಲ್ಲಿ ಕಿಯಾ ಷೇರುಗಳನ್ನು ರಾಶಿ ಹಾಕಿಕೊಂಡಾಗಿನಿಂದ, ತಮ್ಮನ್ನು ಕಬಳಿಸುವರೆಂಬ ಭೀತಿಯೂ ಕಾಡುತ್ತಿತ್ತು.

1997

ಆ ವರ್ಷದ ಜನವರಿಯಲ್ಲಿ ಹಾನ್ಬೊ ಎಂಬ ಉಕ್ಕಿನ ಕಂಪನಿ ಮುಳುಗಿತು. ಒಂದಾದ ಮೇಲೊಂದು ಸಮೂಹಗಳು ಕುಸಿದವು. ಬೆದರಿದ ಹಣಕಾಸು ಸಂಸ್ಥೆಗಳು ಕೊಟ್ಟ ಅಲ್ಪಾವಧಿ ಸಾಲವನ್ನು ಹಿಂದಕ್ಕೆ ಕೇಳಿದಾಗ, ದೇಶದ ಎಂಟನೆಯ ದೊಡ್ಡ ಸಮೂಹವಾಗಿದ್ದ ಕಿಯಾ ಜುಲೈ 15ರಂದು ಕೈಚೆಲ್ಲಿತು. ದಿವಾಳಿ ಘೋಷಣೆಯನ್ನು ಮುಂದೂಡುವ ಒಪ್ಪಂದದಡಿ ಅದಕ್ಕೆ ಉಸಿರಾಡಲು ಸಮಯ ಸಿಕ್ಕಿತು. ಸಾಲ ಕೊಟ್ಟವರು ಅಧ್ಯಕ್ಷ ಕಿಮ್ ಸುನ್-ಹೊಂಗ್ ರಾಜೀನಾಮೆ ಕೇಳಿದರು, ಅವರು ಒಪ್ಪಲಿಲ್ಲ. ಕಾರ್ಮಿಕರು ಅವರ ಬೆನ್ನಿಗೆ ನಿಂತರು, ಕಿಯಾ ಉಳಿಸಿ ಎಂಬ ಕೂಗು ಬೀದಿಗೆ ಬಂತು. ಚುನಾವಣೆಯ ವರ್ಷದಲ್ಲಿ ಸರಕಾರ ಮೂರು ತಿಂಗಳು ಮೀನಮೇಷ ಎಣಿಸಿತು. ಅಕ್ಟೋಬರ್ 22ರಂದು ಕಿಯಾವನ್ನು ನ್ಯಾಯಾಲಯದ ಸುಪರ್ದಿಗೆ ಒಪ್ಪಿಸುವ ನಿರ್ಧಾರ ಹೊರಬಿತ್ತು. ವಿದೇಶಿ ಹೂಡಿಕೆದಾರರ ನಂಬಿಕೆ ಅಷ್ಟರಲ್ಲಿ ಕರಗಿತ್ತು. ನವೆಂಬರ್ 21ರಂದು ಕೊರಿಯಾ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಿತು. ಆ ಬಿಕ್ಕಟ್ಟಿನ ಹೊಣೆಯನ್ನೆಲ್ಲ ಕಿಯಾದ ಮೇಲೆ ಹೊರಿಸುವುದು ಅನ್ಯಾಯ. ಆದರೆ ಆ ಮೂರು ತಿಂಗಳ ಅನಿಶ್ಚಿತತೆ ಬೆಂಕಿಗೆ ಗಾಳಿ ಹಾಕಿತೆಂಬುದು ದಿಟ.

ಬೊಂಗೊ ಪವಾಡದ ನಾಯಕ ಕಿಮ್ ಸುನ್-ಹೊಂಗ್ ಅಕ್ಟೋಬರ್ ಕೊನೆಗೆ ಕೆಳಗಿಳಿದರು, 1998ರಲ್ಲಿ ಬಂಧನಕ್ಕೊಳಗಾದರು. ಒಬ್ಬನೇ ವ್ಯಕ್ತಿಯ ಮೇಲೆ ಕಂಪನಿಯ ಉಳಿವು-ಅಳಿವು ಎರಡನ್ನೂ ಬರೆಯಬೇಕಾಗುವುದು ಕೊರಿಯಾದ ಉದ್ಯಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಕಹಿ.

1998ರಲ್ಲಿ ಕಿಯಾ ಹರಾಜಿಗೆ ಬಂತು. ಹುಂಡೈ, ದೇವೂ, ಸ್ಯಾಮ್‌ಸಂಗ್, ಫೋರ್ಡ್ ಕಣದಲ್ಲಿದ್ದರು. ಎಷ್ಟು ಸಾಲ ಮನ್ನಾ ಎಂಬ ಜಗ್ಗಾಟದಲ್ಲಿ ಮೊದಲೆರಡು ಸುತ್ತು ಮುರಿದುಬಿದ್ದವು. ಅಕ್ಟೋಬರಿನ ಮೂರನೆಯ ಸುತ್ತಿನಲ್ಲಿ ಹುಂಡೈ ಗೆದ್ದು ಶೇ. 51ರಷ್ಟು ಷೇರು ಪಡೆಯಿತು. ಕಿಯಾ ಸ್ವತಂತ್ರ ಕಂಪನಿಯಾಗಿ ಉಳಿಯುವ ಹೋರಾಟ ಅಲ್ಲಿಗೆ ಮುಗಿಯಿತು.

ಹುಂಡೈ ಮನೆಯೊಳಗೆ

ಹೊಸ ಒಡೆಯರು ಬಂದ ಮರುವರ್ಷವೇ ಕಿಯಾ ಚೇತರಿಸಿಕೊಂಡಿತು. ಅದಕ್ಕೆ ಕಾರಣ ಕಾರ್ನಿವಲ್, ಕ್ಯಾರೆನ್ಸ್ ಮುಂತಾದ, ದೊಡ್ಡ ಕುಟುಂಬ ಕೂರುವ ಗಾಡಿಗಳು. ಬಿಕ್ಕಟ್ಟಿನಿಂದ ಹೊರಬರುತ್ತಿದ್ದ ಜನರಿಗೆ ಅಗ್ಗದ ಅನಿಲದಲ್ಲಿ, ಡೀಸೆಲಿನಲ್ಲಿ ಓಡುವ ಇವು ಹಿಡಿಸಿದವು. ಇವುಗಳ ಮೂಲ ಕೆಲಸ ನಡೆದದ್ದು ಹುಂಡೈ ಬರುವ ಮೊದಲೇ, ಹಳೆಯ ಕಿಯಾದ ಎಂಜಿನಿಯರುಗಳ ಕೈಯಲ್ಲಿ. 2000ದ ಆರಂಭದಲ್ಲಿ ಕಂಪನಿ ನ್ಯಾಯಾಲಯದ ಸುಪರ್ದಿಯಿಂದ ಹೊರಬಂತು. ಏಷ್ಯಾ ಮೋಟರ್ಸ್ ಕಿಯಾದಲ್ಲಿ ಕರಗಿ, ಗ್ವಾಂಗ್‌ಜು ಕಾರ್ಖಾನೆ ಕಿಯಾದ ದೊಡ್ಡ ನೆಲೆಯಾಯಿತು. 2001ರಲ್ಲಿ ಆ ಊರಿನ ಪ್ರಸಿದ್ಧ ಬೇಸ್‌ಬಾಲ್ ತಂಡವೂ ಕಿಯಾ ಟೈಗರ್ಸ್ ಆಯಿತು.

ಎರಡೂ ಕಂಪನಿಗಳು ಚಾಸಿ, ಎಂಜಿನ್ನು, ಗೇರ್‌ಬಾಕ್ಸ್ ಹಂಚಿಕೊಳ್ಳತೊಡಗಿದವು. ವೆಚ್ಚ ಇಳಿಯಿತು, ಗುಣಮಟ್ಟ ಏರಿತು. ಆದರೆ ಹೊಸ ಪ್ರಶ್ನೆ ಎದುರಾಯಿತು: ಒಳಗೆ ಒಂದೇ ಯಂತ್ರವಿದ್ದರೆ ಗಿರಾಕಿ ಹುಂಡೈ ಬಿಟ್ಟು ಕಿಯಾ ಏಕೆ ಕೊಳ್ಳಬೇಕು? ಸ್ವಲ್ಪ ಅಗ್ಗ ಎಂಬುದೊಂದೇ ಉತ್ತರವಾಗಿದ್ದ ಕಾಲವದು. ಹುಂಡೈ ಸ್ಥಾಪಕರ ಮೊಮ್ಮಗ ಚುಂಗ್ ಇ-ಸುನ್ 2005ರಲ್ಲಿ ಕಿಯಾದ ಹೊಣೆ ಹೊತ್ತರು. ರೂಪವೇ ಉತ್ತರ ಎಂದು ನಿಶ್ಚಯಿಸಿ, 2006ರಲ್ಲಿ ಪೀಟರ್ ಶ್ರೈಯರ್ ಅವರನ್ನು ಜರ್ಮನಿಯಿಂದ ಕರೆತಂದರು. ಆಡಿ ಟಿಟಿ ಕಾರಿನ ರೂಪದಿಂದ ಹೆಸರಾದ ವಿನ್ಯಾಸಕಾರ ಅವರು. ಆಗಿನ ಕಿಯಾ ಕಾರುಗಳಿಗೆ ನೆನಪಿನಲ್ಲಿ ಉಳಿಯುವ ಮುಖವಿರಲಿಲ್ಲ. 2007ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಶ್ರೈಯರ್ ಅದನ್ನು ಕೊಟ್ಟರು: ಮೇಲೂ ಕೆಳಗೂ ನಡುವೆ ಒಳಕ್ಕೆ ಒತ್ತಿದಂಥ, ಹುಲಿಯ ಮೂಗು ಎಂದು ಹೆಸರಾದ ಮುಂಭಾಗದ ಜಾಲರಿ (ಗ್ರಿಲ್). ಕೊರಿಯನ್ನರಿಗೆ ಹುಲಿ ಜನಪದ ಕಥೆ, ಚಿತ್ರ, ಗುಡಿಗಳಲ್ಲೆಲ್ಲ ಇರುವ ಪ್ರಾಣಿ. ಸೋಲ್ ಎಂಬ ಹೆಸರಿನ ಚೌಕಾಕಾರದ ಕಾರು ಮತ್ತು 2010ರಲ್ಲಿ ಕೆ5 ಬಂದಾಗ ಕಿಯಾವನ್ನು ಜನ ತಿರುಗಿ ನೋಡುವಂತಾಯಿತು. 2013ರಲ್ಲಿ ಶ್ರೈಯರ್ ಕಂಪನಿಯ ಅಧ್ಯಕ್ಷರಲ್ಲಿ ಒಬ್ಬರಾದರು. ಕೊರಿಯಾದ ಕಂಪನಿಯೊಂದು ವಿದೇಶಿ ಕಲಾವಿದನಿಗೆ ಆ ಮಟ್ಟದ ಅಧಿಕಾರ ಕೊಟ್ಟದ್ದು ಸಣ್ಣ ಮಾತಲ್ಲ.

ಹೊರದೇಶದ ಕಾರ್ಖಾನೆಗಳು, ಪೆನುಕೊಂಡ

ಸ್ಲೊವಾಕಿಯಾದ ಝಿಲಿನಾದಲ್ಲಿ 2006ರಿಂದ, ಅಮೆರಿಕದ ಜಾರ್ಜಿಯಾ ರಾಜ್ಯದ ವೆಸ್ಟ್ ಪಾಯಿಂಟಿನಲ್ಲಿ 2009ರಿಂದ, ಮೆಕ್ಸಿಕೊದ ಪೆಸ್ಕೆರಿಯಾದಲ್ಲಿ 2016ರಿಂದ ಕಾರುಗಳು ಹೊರಬರುತ್ತಿವೆ. ವೆಸ್ಟ್ ಪಾಯಿಂಟ್ ಬಟ್ಟೆಗಿರಣಿಗಳು ಮುಚ್ಚಿ ಬಡವಾಗಿದ್ದ ಊರು. ಝಿಲಿನಾದಲ್ಲಿ ಮಾಡಿದ ಸೀಡ್ ಕಾರಿಗೆ ಕೊಟ್ಟ ಏಳು ವರ್ಷದ ಖಾತರಿ ಯುರೋಪಿನ ಗಿರಾಕಿಯ ಅನುಮಾನವನ್ನು ಮುರಿಯಿತು. ಚೀನಾದ ಯಾನ್‌ಚೆಂಗ್ ಕಾರ್ಖಾನೆಗಳ ಅನುಭವ ಕಹಿ. ಅಮೆರಿಕದ ಕ್ಷಿಪಣಿ ನಿರೋಧಕ ವ್ಯವಸ್ಥೆಯನ್ನು ಕೊರಿಯಾ ತನ್ನ ನೆಲದಲ್ಲಿ ನಿಲ್ಲಿಸಿದ್ದಕ್ಕೆ ಚೀನಾ ಮುನಿದಾಗ, 2017ರಲ್ಲಿ ಅಲ್ಲಿನ ಮಾರಾಟ ಅರ್ಧದ ಸಮೀಪಕ್ಕೆ ಕುಸಿಯಿತು. ಸ್ಥಳೀಯ ಕಂಪನಿಗಳ ಪೈಪೋಟಿಯೂ ಸೇರಿ, ಮತ್ತೆ ಅದು ಮೊದಲಿನ ಎತ್ತರಕ್ಕೆ ಏರಲಿಲ್ಲ.

ಭಾರತಕ್ಕೆ ಹುಂಡೈ ಬಂದು ಎರಡು ದಶಕ ಕಳೆದ ಮೇಲೆ ಕಿಯಾ ಬಂತು. 2017ರ ಏಪ್ರಿಲಿನಲ್ಲಿ ಆಂಧ್ರಪ್ರದೇಶ ಸರಕಾರದೊಡನೆ ಒಪ್ಪಂದವಾಯಿತು. ಆಗಿನ ಅನಂತಪುರ, ಇಂದಿನ ಶ್ರೀ ಸತ್ಯಸಾಯಿ ಜಿಲ್ಲೆಯ ಪೆನುಕೊಂಡದ ಬಳಿ, ಎರ್ರಮಂಚಿಯಲ್ಲಿ ಸುಮಾರು 536 ಎಕರೆಯಲ್ಲಿ ಕಾರ್ಖಾನೆ ಎದ್ದಿತು. ಹೂಡಿಕೆ ಸುಮಾರು 110 ಕೋಟಿ ಡಾಲರ್, ವರ್ಷಕ್ಕೆ 3 ಲಕ್ಷ ಕಾರು ಮಾಡುವ ಸಾಮರ್ಥ್ಯ. ಜಾಗ ನಮ್ಮವರಿಗೆ ಅಪರಿಚಿತವಲ್ಲ. 1565ರ ತಾಳಿಕೋಟೆ ಸೋಲಿನ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಗೊಂಡೆ ಇದೇ. ಸುತ್ತಲಿನ ಹಿಂದೂಪುರ, ಮಡಕಶಿರಾಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. ಊರು ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿದೆ, ದೇವನಹಳ್ಳಿಯ ವಿಮಾನ ನಿಲ್ದಾಣ ಅದೇ ರಸ್ತೆಯಲ್ಲಿದೆ, ರೈಲು ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ. ಹೀಗಾಗಿ ಆಂಧ್ರದ ಈ ಕಾರ್ಖಾನೆಗೆ ಹತ್ತಿರದ ಮಹಾನಗರ ಬೆಂಗಳೂರೇ.

ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅನಂತಪುರವೂ ಒಂದು. ಮುಂಗಾರು ನಂಬಿ ನೆಲಗಡಲೆ ಬಿತ್ತುವ ರೈತರು, ಬರ ಬಂದರೆ ಕೂಲಿಗೆಂದು ಬೆಂಗಳೂರಿನ ದಾರಿ ಹಿಡಿಯುವ ಊರುಗಳು. ಕಾರ್ಖಾನೆಗೆ ನೀರು ಒದಗುವುದು ಹಂದ್ರಿ-ನೀವಾ ಕಾಲುವೆಯ ಮೂಲಕ ಕೃಷ್ಣಾ ನದಿಯಿಂದ ಗೊಲ್ಲಪಲ್ಲಿ ಜಲಾಶಯಕ್ಕೆ ಬರುವ ಪಾಲಿನಿಂದ. 2019ರ ಆಗಸ್ಟಿನಲ್ಲಿ ಸೆಲ್ಟೋಸ್, 2020ರಲ್ಲಿ ಸಾನೆಟ್, 2022ರಲ್ಲಿ ಕ್ಯಾರೆನ್ಸ್ ಮಾರುಕಟ್ಟೆಗೆ ಬಂದವು. ಸೆಲ್ಟೋಸ್ ಮೊದಲ ತಿಂಗಳುಗಳಲ್ಲೇ ತನ್ನ ವರ್ಗದ ಮುಂಚೂಣಿಗೆ ಹೋಯಿತು. ನಾಲ್ಕು ವರ್ಷದೊಳಗೆ, 2023ರ ಜುಲೈನಲ್ಲಿ, ಹತ್ತು ಲಕ್ಷನೆಯ ಕಾರು ಪೆನುಕೊಂಡದಿಂದ ಹೊರಬಂತು. ಇಲ್ಲಿನ ಕಾರುಗಳು ಆಫ್ರಿಕಾ, ಪಶ್ಚಿಮ ಏಷ್ಯಾ, ಲ್ಯಾಟಿನ್ ಅಮೆರಿಕಗಳಿಗೂ ರಫ್ತಾಗುತ್ತವೆ.

ದೋಷಗಳು, ವಿವಾದಗಳು

2012ರಲ್ಲಿ ಹುಂಡೈ-ಕಿಯಾ ಅಮೆರಿಕದಲ್ಲಿ ತಮ್ಮ ಕಾರುಗಳ ಮೈಲೇಜನ್ನು ಹೆಚ್ಚಿಸಿ ಹೇಳಿದ್ದು ಪತ್ತೆಯಾಗಿ, 2014ರಲ್ಲಿ ಎರಡೂ ಸೇರಿ 10 ಕೋಟಿ ಡಾಲರ್ ದಂಡ ತೆತ್ತವು. ಅದಕ್ಕಿಂತ ಸಾಮಾನ್ಯ ಜನರನ್ನು ನೋಯಿಸಿದ್ದು ಕಳ್ಳತನದ ಪ್ರಕರಣ. 2011ರಿಂದ 2021ರವರೆಗೆ ಅಮೆರಿಕದಲ್ಲಿ ಮಾರಿದ ಅನೇಕ ಅಗ್ಗದ ಮಾದರಿಗಳಲ್ಲಿ, ಸರಿಯಾದ ಕೀಲಿಯಿಲ್ಲದೆ ಎಂಜಿನ್ನು ಚಾಲೂ ಆಗದಂತೆ ತಡೆಯುವ ಸಾಧನವನ್ನು ಅಳವಡಿಸಿರಲಿಲ್ಲ. ಈ ದೌರ್ಬಲ್ಯವನ್ನು ತೋರಿಸುವ ವಿಡಿಯೊಗಳು ಹಬ್ಬಿ, 2022ರಿಂದ ಕಳವು ಸಾಂಕ್ರಾಮಿಕದಂತೆ ಏರಿತು. 2023ರಲ್ಲಿ ಎರಡೂ ಕಂಪನಿಗಳು ಸುಮಾರು 20 ಕೋಟಿ ಡಾಲರಿನ ಪರಿಹಾರಕ್ಕೆ ಒಪ್ಪಿದವು. ಕೆಲವೇ ಡಾಲರ್ ಉಳಿಸಲು ಒಂದು ಬಿಡಿಭಾಗವನ್ನು ಬಿಟ್ಟದ್ದರ ಬೆಲೆ ಇದು; ಬಿಡಿಭಾಗಗಳಿಂದಲೇ ಬೆಳೆದ ಕಂಪನಿಗೆ ಇದು ತಿಳಿದಿರಬೇಕಿತ್ತು.

ಇಂದಿನ ಸ್ಥಿತಿ

2021ರಲ್ಲಿ ಹೊಸ ಲಾಂಛನದೊಂದಿಗೆ ಹೆಸರಿನಿಂದ ಮೋಟರ್ಸ್ ಎಂಬ ಪದ ಬಿದ್ದುಹೋಯಿತು. ಅಮೆರಿಕಕ್ಕಾಗಿ ರೂಪಿಸಿದ ಟೆಲುರೈಡ್ 2020ರ ವಿಶ್ವ ಕಾರು ಪ್ರಶಸ್ತಿ ಪಡೆದಿತ್ತು. ವಿದ್ಯುತ್ ಕಾರುಗಳಲ್ಲಿ ಕಿಯಾ ಇನ್ನೂ ಮುಂದೆ ಹೋಗಿದೆ. 800 ವೋಲ್ಟ್ ವ್ಯವಸ್ಥೆಯುಳ್ಳ, ತಕ್ಕ ಚಾರ್ಜರ್ ಸಿಕ್ಕರೆ ಸುಮಾರು 18 ನಿಮಿಷದಲ್ಲಿ ಶೇ. 10ರಿಂದ 80ಕ್ಕೆ ಬ್ಯಾಟರಿ ತುಂಬಿಸಿಕೊಳ್ಳುವ ಇವಿ6, 2022ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿತು. ಆ ಗೌರವ ಕೊರಿಯಾದ ಕಾರಿಗೆ ಸಂದದ್ದು ಅದೇ ಮೊದಲು. ಇವಿ9 ಮತ್ತು ಇವಿ3 ಕ್ರಮವಾಗಿ 2024 ಮತ್ತು 2025ರ ವಿಶ್ವ ಕಾರುಗಳಾದವು. ಈ ಕಾರುಗಳ ತಳಹದಿ ಹುಂಡೈ ಜೊತೆ ಹಂಚಿಕೊಂಡದ್ದು, ಸಂಶೋಧನೆ ಸಮೂಹದ ನಾಮ್ಯಾಂಗ್ ಕೇಂದ್ರದಲ್ಲಿ ನಡೆಯುವಂಥದು. ಹುಂಡೈ ಕೈಯಲ್ಲಿ ಈಗ ಉಳಿದಿರುವುದು ಕಿಯಾದ ಮೂರನೆಯ ಒಂದು ಪಾಲು ಷೇರು. ಆದರೂ ನಿಯಂತ್ರಣ ಅದರದ್ದೇ.

ದಿವಾಳಿಗಿಂತ ಹಿಂದಿನ ಕಾಲವನ್ನು ಕಿಯಾ ಬಹುಕಾಲ ಬದಿಗಿಟ್ಟಿತ್ತು. 2023ರಲ್ಲಿ ಟಿ-600 ಮತ್ತು ಬ್ರಿಸಾಗಳನ್ನು ರಿಪೇರಿ ಮಾಡಿಸಿ ಸೋಲ್‌ನಲ್ಲಿ ಪ್ರದರ್ಶನಕ್ಕಿಟ್ಟಿತು. 2024ರ ಡಿಸೆಂಬರಿನಲ್ಲಿ ಎಂಬತ್ತನೆಯ ವರ್ಷ ಆಚರಿಸಿದಾಗ ತನ್ನ ಇತಿಹಾಸದ ಪುಸ್ತಕವನ್ನೂ ಹೊರತಂದಿತು. ಹ್ವಾಸೊಂಗ್‌ನಲ್ಲಿ ವಿದ್ಯುತ್ ವ್ಯಾನುಗಳಿಗೆಂದೇ ಹೊಸ ಕಾರ್ಖಾನೆ ಎದ್ದಿದ್ದು, 2025ರಲ್ಲಿ ಮಾರುಕಟ್ಟೆಗೆ ಬಂದ ಪಿವಿ5 ಅಲ್ಲಿಯ ಮೊದಲ ವಾಹನ. ಸರಕು ಸಾಗಣೆ, ಟ್ಯಾಕ್ಸಿ, ಗಾಲಿಕುರ್ಚಿ ಬಳಸುವವರ ಪ್ರಯಾಣ ಹೀಗೆ ಬೇರೆ ಬೇರೆ ಕೆಲಸಕ್ಕೆ ಒಂದೇ ತಳಹದಿಯ ಮೇಲೆ ಬೇರೆ ಬೇರೆ ಮೈ ಕೂರಿಸುವ ವಿಧಾನದಲ್ಲಿ ಅದನ್ನು ತಯಾರಿಸಲಾಗುತ್ತಿದೆ.